ಮೇಲಿನಮನೆ ದೊಡ್ಡಮ್ಮನ ಜೋಡು ನಳಿಗೆ

ಮೊಮ್ಮಗಳು ನನ್ನ ಅಂಗೈಯಲ್ಲಿ ಒಂದು ಖಾಲಿ ತೋಟಾ ಇಟ್ಟಳು. ಆಗಷ್ಟೇ ಕೋವಿಯಿಂದ ಹೊರಬಿದ್ದದ್ದು, ಇನ್ನೂ ಬೆಚ್ಚಗಿತ್ತು. ಮೈ ಕೆಂಪು ಪ್ಲಾಸ್ಟಿಕ್ಕು, ಬುಡಕ್ಕೆ ಹಿತ್ತಾಳೆಯ ಟೊಪ್ಪಿ. “ಇಟ್ಕೊ ಅಜ್ಜಿ, ನನ್ನ ಮೊದಲ್ನೇ ಈಡು. ಬಿಲ್ಲೆ ಮಾತ್ರ ತಪ್ಪಿಸ್ಕೊಂಡು ಹೋತು” ಎಂದು ನಕ್ಕಳು. ನಾನು ಏನೂ ಯೋಚಿಸದೆ ಅದನ್ನು ಮೂಗಿನ ಹತ್ತಿರ ಹಿಡಿದೆ. ಸುಟ್ಟ ಮದ್ದಿನ ವಾಸನೆ... ದೀಪದ ಬತ್ತಿ ಕರಕಲಾದ ಹಾಗೆ, ಅದರ ಹಿಂದೆ ಒಂದಿಷ್ಟು ಘಾಟು. ನಿಂತದ್ದು ಭಟ್ಕಳದ ಕಡೆಯ ಒಂದು ಬೋಳು ಗುಡ್ಡದ ಮೇಲೆ, ಬೆಳಗಿನ ಬಿಸಿಲಿನಲ್ಲಿ, ನಗುವ ಹುಡುಗ ಹುಡುಗಿಯರ ನಡುವೆ. ಮನಸ್ಸು ಮಾತ್ರ ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಹೋಗುವ ಹಳೆಯ ಬಸ್ಸು ಹತ್ತಿ ಕುಳಿತಿತ್ತು, ಮೇಲಿನಮನೆ ದೊಡ್ಡಮ್ಮನ ಪಕ್ಕದಲ್ಲಿ.

ಮೊದಲು ಗುಡ್ಡದ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂತೋಷ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ನನ್ನ ಮೊಮ್ಮಗಳು ಕುಮಟೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಕುತ್ತಿಗೆ ಹಿಡಿದುಹೋಗುತ್ತದೆ ಎಂದು ಗೊಣಗುತ್ತಿದ್ದವಳು, ಒಂದು ದಿನ ಬಂದು ಹೊಸ ಹವ್ಯಾಸ ಸಿಕ್ಕಿತು ಎಂದಳು. ಭಟ್ಕಳದ ಕಡೆ ಮಿಲಿಟರಿಯಿಂದ ನಿವೃತ್ತರಾದವರೊಬ್ಬರು ಗುಡ್ಡದ ಮೇಲೆ ಜಾಗ ಮಾಡಿದ್ದಾರಂತೆ. ಒಂದು ಯಂತ್ರ ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದಂತೆ, ಅದು ನೆಲಕ್ಕೆ ಬೀಳುವ ಮೊದಲು ಕೋವಿಯಿಂದ ಹೊಡೆದು ಒಡೆಯಬೇಕಂತೆ. ಬಿಲ್ಲೆ ಎಂದರೆ ಚಹಾದ ಬಶಿಗಿಂತ ಸಣ್ಣದು, ಮೇಲೆ ಕಿತ್ತಳೆ ಬಣ್ಣ. “ಒಡೆದ್ರೆ ಎಂತ ಸಿಕ್ತದೆ?” ಎಂದು ಕೇಳಿದೆ. “ಎಂತದೂ ಇಲ್ಲ ಅಜ್ಜಿ, ಒಡೆದದ್ದೇ ಸಿಕ್ಕಿದ್ದು” ಎಂದಳು.

ಅವಳ ತಾಯಿ, ಅಂದರೆ ನನ್ನ ಮಗಳು, ದೀಪಾವಳಿಯ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವಳು. ಮಗಳು ಕೋವಿ ಹಿಡಿಯುತ್ತಾಳೆಂದು ಕೇಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಡೆಗೆ ನನ್ನನ್ನು ಕರೆದು, “ಆಯಿ, ನೀನೂ ಅವಳ ಜೊತೆ ಹೋಗು. ನೀ ಇದ್ರೆ ಹುಚ್ಚಾಟ ಮಾಡೂದಿಲ್ಲ” ಎಂದಳು. ಹೀಗೆ ನಾಲ್ಕನೇ ಇಯತ್ತೆ ಓದಿದ ಮುದುಕಿಯೊಬ್ಬಳು ಬ್ಯಾಂಕಿನ ಹುಡುಗಿಗೆ ಕಾವಲಾಗಿ ಆ ಗುಡ್ಡ ಹತ್ತಿದಳು.

ಕಾವಲು ಎಂದರೆ ಕಾವಲೇ. ಕಲಿಸುವವರು ಕೋವಿ ತಂದ ಕೂಡಲೇ ನಾನು, “ಎರಡೂ ನಳಿಗೆ ನೋಡಿದ್ರ್ಯಾ?” ಎಂದು ಕೇಳಿದೆ. ಅವರು ಕೋವಿಯನ್ನು ನಡುವೆ ಮಡಚಿ ನನ್ನ ಮುಖದ ಮುಂದೆ ಹಿಡಿದರು. ಎರಡು ದುಂಡನೆಯ ತೂತುಗಳಲ್ಲಿ ಆಕಾಶ ಕಾಣಿಸಿತು. ಅಲ್ಲಿಯ ನಿಯಮವೇ ಹಾಗಂತೆ. ಹೊಡೆಯುವ ಜಾಗಕ್ಕೆ ಹೋಗಿ ನಿಲ್ಲುವವರೆಗೆ ಕೋವಿ ಮಡಚಿಕೊಂಡೇ ಇರಬೇಕು, ಖಾಲಿ ಎಂಬುದು ನೋಡಿದವರಿಗೆಲ್ಲ ತಿಳಿಯಬೇಕು. ಎಷ್ಟು ಒಳ್ಳೆಯ ನಿಯಮ! ಆದರೂ ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ. ಮೊಮ್ಮಗಳಿಗೆ ನಾಚಿಕೆಯಾಯಿತು. “ಅಜ್ಜೀ, ಸಾಕು ಮಾಡೆ.” ಕಲಿಸುವವರು ನಕ್ಕು, “ಕೇಳಲಿ ಬಿಡಿ, ಹೀಗೆ ಕೇಳುವವರು ಬೇಕು. ಅಮ್ಮಾ, ನಿಮ್ಮ ಮನೆಯಲ್ಲಿ ಕೋವಿ ಇತ್ತಾ?” ಎಂದರು.

“ನಮ್ಮಲ್ಲಿ ಇಲ್ಲ. ಮೇಲಿನಮನೇಲಿ ಇತ್ತು” ಎಂದೆ.

ನಾನು ಮದುವೆಯಾಗಿ ಬಂದ ಊರು ಶರಾವತಿ ಹೊಳೆಯ ಬದಿಗೆ, ಗೇರುಸೊಪ್ಪೆಯ ದಾರಿಯಲ್ಲಿ. ಗಂಡ ಹೊನ್ನಾವರದ ಬಂದರದಲ್ಲಿ ದೋಣಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಮ್ಮ ಹಿತ್ತಲಿನಿಂದ ಕೆಂಪು ಕಲ್ಲಿನ ನಾಲ್ಕು ಮೆಟ್ಟಿಲು ಹತ್ತಿದರೆ ಇನ್ನೊಂದು ಮನೆ. ಅದೇ ಮೇಲಿನಮನೆ. ಅಲ್ಲಿದ್ದವರು ಒಬ್ಬರೇ ಹೆಂಗಸು, ನನ್ನ ಅತ್ತೆಯ ವಾರಿಗೆಯವರು. ಊರಿನವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಎತ್ತರದ ಆಳು, ಸಪೂರ ಮೈ. ಸೀರೆ ಎತ್ತಿ ಕಟ್ಟಿ ಗದ್ದೆಯ ಬದುವಿನ ಮೇಲೆ ನಡೆದರೆ ಗಂಡಸರು ದಾರಿ ಬಿಡುತ್ತಿದ್ದರು. ಅವರ ಗಂಡ ಇದ್ದಾಗ ಬೆಳೆ ಕಾಯುವುದಕ್ಕೆಂದು ಲೈಸೆನ್ಸಿನ ಕೋವಿ ಇತ್ತಂತೆ. ಗಂಡ ಹೋದ ಮೇಲೆ ಕಚೇರಿಗೆ ಅಲೆದಲೆದು ದೊಡ್ಡಮ್ಮ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು.

ಹಳೆಯ ಜೋಡು ನಳಿಗೆಯ ಕೋವಿ ಅದು. ಈಗಿನದರ ಹಾಗಲ್ಲ. ಹಿಂಬದಿಗೆ ಎರಡು ಕಬ್ಬಿಣದ ಕೊಕ್ಕೆಗಳು ಹೊರಗೇ ಕಾಣುತ್ತಿದ್ದವು. ಅದಕ್ಕೆ ಕುದುರೆ ಎನ್ನುತ್ತಿದ್ದರು. ಕುದುರೆಯನ್ನು ಹಿಂದಕ್ಕೆ ಎಳೆದಿಟ್ಟು ಕೆಳಗಿನ ಕೀಲು ಒತ್ತಿದರೆ ಅದು ತೋಟಾದ ಬೆನ್ನಿಗೆ ಹೊಡೆದು ಈಡು ಹಾರುತ್ತಿತ್ತು. “ಕೋವಿ ಎಷ್ಟು ಹಳೇದೋ ಇದರ ಕುದುರೆ ಅಷ್ಟು ಸಡಿಲ. ಎಳೀದಿದ್ರೂ ಸೈ, ಮೇಲಿಂದ ಒಂದು ಏಟು ಬಿದ್ರೆ ಸಾಕು” ಎಂದು ದೊಡ್ಡಮ್ಮ ಮೊದಲ ದಿನವೇ ನನಗೆ ಹೇಳಿದ್ದರು.

ಮನೆಯ ಹಿಂದಿನ ಹುಲ್ಲುಗುಡ್ಡ, ಅಂದರೆ ಬೇಣದಿಂದ ಇಳಿದು ಬರುವ ಹಂದಿಗಳಿಗೆ ಅವರು ಗಾಳಿಯಲ್ಲಿ ಈಡು ಹೊಡೆಯುತ್ತಿದ್ದರೇ ಹೊರತು ಒಂದನ್ನೂ ಕೊಂದವರಲ್ಲ. “ಪಾಪ, ಅದಕ್ಕೂ ಹೊಟ್ಟೆ ಅದೆ. ಹೆದರ್ಸಿದ್ರೆ ಆತು” ಎನ್ನುತ್ತಿದ್ದರು.

ಹಂಚು ಹಾರಿಸುವ ಆಟ ಶುರುವಾದದ್ದು ಒಂದು ಬೇಸಿಗೆಯ ಕೊನೆಯಲ್ಲಿ. ಮಳೆಗೆ ಮೊದಲು ಮಾಡಿನ ಹಂಚು ಕೈಯಾಡಿಸುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಒಡೆದ ಹಂಚನ್ನು ತೆಗೆದು ಹೊಸತು ಹೊದಿಸುತ್ತಾರೆ, ಒಡೆದದ್ದು ಹಿತ್ತಲಿನಲ್ಲಿ ರಾಶಿ ಬೀಳುತ್ತದೆ. ಆ ರಾಶಿಯನ್ನು ನಾನು ಬೇಣದ ಕಡೆ ಎಸೆಯುತ್ತಿದ್ದೆ. ಗದ್ದೆಯಿಂದ ಕೋವಿ ಹಿಡಿದು ಬರುತ್ತಿದ್ದ ದೊಡ್ಡಮ್ಮ ನಿಂತು ನೋಡಿದರು. “ಇನ್ನೊಂದು ಎಸಿಯೇ ತಂಗಿ, ಎತ್ತರಕ್ಕೆ. ನೋಡ್ವ.” ನಾನು ಎಸೆದೆ. ಢಂ ಎಂದಿತು. ಹಂಚು ಹೂವಿನ ಹಾಗೆ ಬಿಚ್ಚಿಕೊಂಡು ಪುಡಿಪುಡಿಯಾಗಿ ಉದುರಿತು. ನನಗೆ ಭಯದಿಂದ ಕಣ್ಣೀರು. ದೊಡ್ಡಮ್ಮ ಕೋವಿಯನ್ನು ಕೆಳಗಿಳಿಸಿ ನಗತೊಡಗಿದರು. ಅಷ್ಟು ನಗು ಅವರೊಳಗೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ಊರಿನವರು ಯಾರಾದರೂ ನೋಡಿದ್ದರೋ ಇಲ್ಲವೋ...

ಆಮೇಲೆ ಅದೊಂದು ಚಟವಾಯಿತು. ಸಂಜೆ ದನ ಕಟ್ಟಿದ ಮೇಲೆ ಅವರು ತಮ್ಮ ಹಿತ್ತಲಿನಲ್ಲಿ ಬೇಣಕ್ಕೆ ಮುಖ ಮಾಡಿ ನಿಲ್ಲುತ್ತಿದ್ದರು. ಆ ದಿಕ್ಕಿಗೆ ಮನೆಯಿಲ್ಲ, ದಾರಿಯಿಲ್ಲ, ಬರೀ ಹುಲ್ಲು. ನಾನು ಅವರ ಬೆನ್ನ ಹಿಂದೆ ಪಾಗಾರದ ಗೋಡೆಯ ಬದಿಗೆ ಹಂಚಿನ ಚೂರು ಹಿಡಿದು ನಿಲ್ಲಬೇಕು. “ಹಾರ್ಸೇ!” ಎಂದ ಕೂಡಲೇ ಎಸೆಯಬೇಕು. ತಪ್ಪಿದರೆ ನನ್ನ ಮೇಲೆಯೇ ಸಿಟ್ಟು. “ಮಜ್ಜಿಗೆ ಕಡಿಯೋ ಕೈಲಿ ಎಸೀತೆ ನೀನು, ಅದಕ್ಕೇ ತಪ್ಪಿತು.” ಈಡಿನ ಸದ್ದು ಕೇಳಿದ ಊರಿನವರು ಮಾತ್ರ, ಮೇಲಿನಮನೆಯಮ್ಮ ಇರುವುದಕ್ಕೆ ನಮ್ಮ ಗದ್ದೆ ಉಳಿಯಿತು ಎಂದುಕೊಳ್ಳುತ್ತಿದ್ದರು. ಒಮ್ಮೆ ಹುಲ್ಲಿಗೆ ಹೋಗಿದ್ದ ಹೆಂಗಸೊಬ್ಬಳು ಬೇಣದಲ್ಲಿ ಹಂಚಿನ ಚೂರುಗಳನ್ನು ಕಂಡು, “ಎಂತದ್ರೇ ದೊಡ್ಡಮ್ಮ, ಹಂದಿ ಮಾಡು ಹತ್ತಿತ್ತಾ?” ಎಂದು ಕೇಳಿದಳು. “ಹತ್ತಿತ್ತೆ. ನಿಮ್ಮನೆ ಮಾಡಿಗೂ ಬತ್ತದೆ, ಜಾಗ್ರತೆ” ಎಂದು ದೊಡ್ಡಮ್ಮ ಮುಖ ಬಿಗಿದುಕೊಂಡೇ ಹೇಳಿದ್ದರು.

ನನ್ನ ಮಗಳು ಆಗ ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಳು. ಹಗಲೆಲ್ಲ ದೊಡ್ಡಮ್ಮನ ಸೊಂಟದ ಮೇಲೆಯೇ. ಅವಳು ಮೊದಲ ಹೆಜ್ಜೆ ಇಟ್ಟದ್ದು ಮೇಲಿನಮನೆಯ ಅಂಗಳದಲ್ಲಿ, ಮೊದಲ ಬೈಗುಳ ಕಲಿತದ್ದು ದೊಡ್ಡಮ್ಮ ಹಸುವಿಗೆ ಬೈಯುವಾಗ. ಆದರೆ ಕೋವಿ ಹೊರಗೆ ಬಂದರೆ ಮಗು ನಮ್ಮ ಮನೆಯೊಳಗೆ ಮಲಗಿರಬೇಕು. ದೊಡ್ಡಮ್ಮ ಅದರಲ್ಲಿ ಒಂದು ದಿನವೂ ಸಡಿಲು ಬಿಟ್ಟವರಲ್ಲ. ಆಟ ಮುಗಿದ ಮೇಲೆ ಕೋವಿಯನ್ನು ಮಡಚಿ ದೀಪಕ್ಕೆ ಹಿಡಿದು ಒಂದು ಕಣ್ಣಿನಿಂದ ಎರಡೂ ನಳಿಗೆಯೊಳಗೆ ನೋಡಿಯೇ ಗೋಡೆಯ ಗೂಟಕ್ಕೆ ತೂಗುಹಾಕುತ್ತಿದ್ದರು.

ಆ ಒಂದು ಸಂಜೆ ನೋಡಲಿಲ್ಲ.

ಎರಡೂ ನಳಿಗೆಗೆ ತೋಟಾ ತುಂಬಿ ನಿಂತಿದ್ದರು. ಮೊದಲ ಹಂಚು ಒಡೆಯಿತು. “ಇನ್ನೊಂದು” ಎಂದರು. ನಾನು ಕೈ ಎತ್ತಿದ್ದೆ. ಅಷ್ಟರಲ್ಲಿ ಕೆಳಗೆ ನಮ್ಮ ಮನೆಯಿಂದ ಮಗುವಿನ ಕಿರುಚಾಟ. ನಿದ್ದೆಯಿಂದ ಎದ್ದು ಹೊರಗೆ ಬರಲು ಹೋಗಿ ಹೊಸಿಲು ಎಡವಿ ಬಿದ್ದಿತ್ತು. ನಾನು ಹಂಚನ್ನು ಅಲ್ಲೇ ಎಸೆದು ಓಡಿದೆ. ದೊಡ್ಡಮ್ಮ ಕೋವಿಯನ್ನು ಪಾಗಾರಕ್ಕೆ ಒರಗಿಸಿ ನನ್ನ ಹಿಂದೆಯೇ ಓಡಿ ಬಂದರು. ಮಗುವಿನ ತುಟಿ ಒಡೆದು ಬಾಯಿ ತುಂಬ ರಕ್ತ. ದೊಡ್ಡಮ್ಮ ಸಕ್ಕರೆ ಒತ್ತಿ ಹಿಡಿದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆದರು. ಅದೇ ಹೊತ್ತಿಗೆ ಸರಕಾರಿ ಸುದ್ದಿ ಸಾರುವ ಊರಿನ ಉಗ್ರಾಣಿ ಬಂದು ಕೂಗಿ ಹೇಳಿದ. ಓಟು ಬಂದಿದೆ, ಕೋವಿಯಿದ್ದವರೆಲ್ಲ ಹೊನ್ನಾವರದ ಠಾಣೆಗೆ ಒಪ್ಪಿಸಬೇಕು, ನಾಳೆಯೇ ಕಡೆಯ ದಿನ. ಓಟು ಬಂದಾಗಲೆಲ್ಲ ಹೀಗೆಯೇ. ಎಣಿಕೆ ಮುಗಿಯುವವರೆಗೆ ಕೋವಿ ಪೊಲೀಸರ ಹತ್ತಿರ, ಆಮೇಲೆ ಹೋಗಿ ತಂದುಕೊಳ್ಳಬೇಕು.

ದೊಡ್ಡಮ್ಮ ಮಗುವನ್ನು ನನಗೆ ಕೊಟ್ಟು ಮೇಲೆ ಹೋದರು. ಕತ್ತಲಾಗುತ್ತಿತ್ತು. ಕೋವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕತ್ತದ ಹಗ್ಗದಿಂದ ಬಿಗಿದು ಇಟ್ಟರಂತೆ. ಕೈ ಆ ಕೆಲಸ ಮಾಡಿತು, ಮನಸ್ಸೆಲ್ಲ ಮಗುವಿನ ತುಟಿಯ ಮೇಲಿತ್ತು. ಮರುದಿನ ಬೆಳಿಗ್ಗೆ ತುಟಿ ಊದಿಕೊಂಡಿದ್ದನ್ನು ನೋಡಿ, “ನೀನೂ ಬಾ, ಹೊನ್ನಾವರದಲ್ಲಿ ಡಾಕ್ಟರಿಗೆ ತೋರ್ಸ್ವ” ಎಂದರು. ಹಾಗೆ ನಾವು ಮೂವರೂ ಬಸ್ಸು ಹತ್ತಿದೆವು.

ಬಸ್ಸು ತುಂಬಿತ್ತು. ಪೇಟೆಗೆ ಮೊಗೆಕಾಯಿ ಒಯ್ಯುವವರು, ಶಾಲೆಯ ಮಕ್ಕಳು, ಕಚೇರಿ ಕೆಲಸದವರು. ನಮಗೆ ಹೇಗೋ ಸೀಟು ಸಿಕ್ಕಿತು. ನಾನು ಕಿಟಕಿಯ ಬದಿ, ಮಡಿಲಲ್ಲಿ ಮಗು. ಪಕ್ಕದಲ್ಲಿ ದೊಡ್ಡಮ್ಮ, ಅವರ ಎರಡು ಮೊಣಕಾಲುಗಳ ನಡುವೆ ಕೋವಿ, ಬಾಯಿ ಮೇಲಕ್ಕೆ. ಕಂಡಕ್ಟರು ಬಂದು, “ಎಂತ ಅಮ್ಮಾ, ಗಂಡಸ್ರೆಲ್ಲ ಬರೀ ಕೈ, ನೀವು ಕೋವಿ! ಓಟಿಗೆ ನಿಂತ್ರಾ?” ಎಂದ.

“ನಿಂತ್ರೆ ಮೊದ್ಲು ನಿನ್ನ ಬಸ್ಸಿಂದ ಇಳಸ್ತೆ.”

ಬಸ್ಸೆಲ್ಲ ನಕ್ಕಿತು. “ಕೋವಿಗೆ ಅರ್ಧ ಟಿಕೇಟು ಹರೀರಿ” ಎಂದು ಹಿಂದಿನಿಂದ ಯಾರೋ ಕೂಗಿದರು. ದೊಡ್ಡಮ್ಮ ಅವರಿಗೂ ಏನೋ ಉತ್ತರ ಕೊಟ್ಟರು. ಮಗು ಆಟಕ್ಕೆ ಬಿದ್ದಿತ್ತು. ಕೋವಿಯ ತುದಿಯಲ್ಲಿ ಸೀರೆಯ ಗಂಟೊಂದು ಮೊಲದ ಕಿವಿಯ ಹಾಗೆ ಎದ್ದು ನಿಂತಿತ್ತು. ಅದನ್ನು ಹಿಡಿದೆಳೆದು, ಊದಿದ ತುಟಿಯ ನಡುವೆ ಇಟ್ಟುಕೊಂಡು ಚೀಪುತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಪಕ್ಕದಲ್ಲಿ ನಿಂತಿದ್ದ ಗಂಡಸಿನ ಮೊಣಕಾಲು ಕೋವಿಗೆ ತಾಗುತ್ತಿತ್ತು.

ದೊಡ್ಡಮ್ಮ ಮಗುವಿನ ತುಟಿಯನ್ನು ನೋಡುತ್ತ ಏನೋ ಹೇಳುತ್ತಿದ್ದವರು ಮಾತಿನ ನಡುವೆಯೇ ನಿಂತರು. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

“ತಂಗಿ, ನಿನ್ನೆ ಎರಡನೇ ಹಂಚು ನೀ ಹಾರ್ಸಿದ್ಯಾ?”

“ಇಲ್ಲ ದೊಡ್ಡಮ್ಮ. ಮಗು ಕೂಗ್ತಲ್ಲ, ಅಲ್ಲೇ ಬಿಟ್ಟು ಓಡ್ದೆ.”

ಅವರ ತುಟಿ ಮಾತ್ರ ಅಲುಗಿತು. “ಹಂಗಾದ್ರೆ ಒಂದು ಒಳಗೇ ಅದೆ.”

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ಮಗುವಿನ ಬಾಯಿ ಎಲ್ಲಿದೆ ಎಂದು ಕಂಡಿತು. ಮಗುವನ್ನು ಹಿಂದಕ್ಕೆ ಎಳೆದುಕೊಂಡೆ. ಅದಕ್ಕೆ ಗಂಟು ಬೇಕು. ಕಿರುಚಿ, ಬೆನ್ನು ಬಿಲ್ಲು ಮಾಡಿ, ಎರಡೂ ಕಾಲಿನಿಂದ ಕೋವಿಯನ್ನೇ ಒದೆಯತೊಡಗಿತು. ದೊಡ್ಡಮ್ಮ ಬಟ್ಟೆಯ ಮೇಲಿನಿಂದಲೇ ಎರಡು ಕುದುರೆಗಳನ್ನು ಅಂಗೈಯಿಂದ ಮುಚ್ಚಿ ಹಿಡಿದರು. ಒದೆತವೆಲ್ಲ ಅವರ ಬೆರಳಿನ ಮೇಲೆ ಬಿತ್ತು.

“ಕಿಟಕಿಯಿಂದ ಹೊರಗೆ ಕೋವಿ ಬಾಯಿ ಮಾಡ್ವನಾ?” ಎಂದು ಪಿಸುಗುಟ್ಟಿದೆ. ಹೊರಗೆ ರಸ್ತೆಯ ಬದಿಗೆ ಮಕ್ಕಳು ಸಾಲಾಗಿ ಶಾಲೆಗೆ ನಡೆಯುತ್ತಿದ್ದರು. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು. “ಎಲ್ಲರಿಗೂ ಹೇಳ್ವ ದೊಡ್ಡಮ್ಮ.” “ಹೇಳಿದ್ರೆ ಬಸ್ಸಿಗೆ ಬಸ್ಸೇ ಎದ್ದು ಮೈಮೇಲೆ ಬೀಳ್ತದೆ. ಆ ಗಡಿಬಿಡೀಲೇ ಏಟು ಬಿದ್ರೆ?” ಎಂದು ಕಣ್ಣು ಮುಚ್ಚಿ ಯೋಚಿಸಿದರು. “ಮಗೂಗೆ ವಾಂತಿ ಅಂತ ಕೂಗು. ಜೋರಾಗಿ ಕೂಗು.”

ನಾನು ಕೂಗಿದೆ. ಗಂಟಲಿನಲ್ಲಿದ್ದ ಹೆದರಿಕೆಯೆಲ್ಲ ಆ ಕೂಗಿನಲ್ಲಿ ಹೊರಬಂತು. ಕಂಡಕ್ಟರು ಸೀಟಿ ಊದಿದ. ಜನ ಮೈ ಹಿಂಡಿಕೊಂಡು ದಾರಿ ಬಿಟ್ಟರು. ಪಕ್ಕದಲ್ಲಿ ನಿಂತಿದ್ದ ಗಂಡಸು ಬಹಳ ಒಳ್ಳೆಯವನು. “ಮಗೂನ ನೋಡ್ಕಳಿ ಅಮ್ಮಾ, ಕೋವಿ ಎಂತಕ್ಕೆ ಹೊತ್ಕೊಂಡು ಇಳೀತ್ರಿ? ಕೊಡಿ, ನಾ ಹಿಡೀತೆ” ಎಂದು ನಳಿಗೆಗೆ ಕೈಹಾಕಿ ಎಳೆದೇಬಿಟ್ಟ.

“ಕೈ ಬಿಡು!”

ದೊಡ್ಡಮ್ಮನ ಗಂಟಲಿನಿಂದ ಅಂಥ ದನಿ ನಾನು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ತೆಗೆದ. ದೊಡ್ಡಮ್ಮ ದನಿ ಇಳಿಸಿ, “ಲೈಸೆನ್ಸಿನ ಮಾಲು ತಮಾ, ಯಾರ ಕೈಗೂ ಕೊಡೂ ಹಂಗಿಲ್ಲ” ಎಂದರು. “ಹೋಗಿ, ನೀವೇ ಹೊತ್ಕಳಿ” ಎಂದು ಅವನು ಮುಖ ತಿರುಗಿಸಿದ.

ರಸ್ತೆಯ ಬದಿಗೆ ಗೇರುಮರಗಳಿದ್ದವು. ದೊಡ್ಡಮ್ಮ ಒಂದು ಮರದ ಹಿಂದೆ ಹೋದರು. ನಾನು ಅಡ್ಡ ನಿಂತು ಬಸ್ಸಿಗೆ ಮುಖ ಮಾಡಿ, ಮಗುವನ್ನು ಬಗ್ಗಿಸಿ ಬೆನ್ನು ತಟ್ಟಿದೆ. ಹಾಳು ಮಗು, ವಾಂತಿ ಮಾಡುವ ಬದಲು ರಸ್ತೆಯ ಆಡನ್ನು ಕಂಡು ಕೇಕೆ ಹಾಕಿ ನಗುತ್ತಿತ್ತು! ಕಿಟಕಿಗಳಿಂದ ತಲೆಗಳು ಹೊರಬಂದವು. “ಲಿಂಬೆಹಣ್ಣು ಮೂಸ್ಸಿ.” “ನೀರು ಕುಡಿಸ್ಬೇಡಿ ಈಗ.” “ನಗ್ತದಲ್ರೀ ಅದು!” ನನ್ನ ಕಿವಿ ಮಾತ್ರ ಹಿಂದಕ್ಕಿತ್ತು. ಕತ್ತದ ಹಗ್ಗ ಮಂಜಿಗೆ ನೆನೆದು ಬಿಗಿದಿರಬೇಕು, ದೊಡ್ಡಮ್ಮ ಹಲ್ಲಿನಿಂದ ಕಚ್ಚಿ ಬಿಡಿಸುವ ಸದ್ದು ಕೇಳುತ್ತಿತ್ತು. ಡ್ರೈವರು ಹಾರ್ನು ಹೊಡೆದ. ಕಂಡಕ್ಟರು ಇಳಿದು ನಮ್ಮ ಕಡೆ ಬರತೊಡಗಿದ. ಇನ್ನು ನಾಲ್ಕು ಹೆಜ್ಜೆ... ಆಗ ಬೆನ್ನ ಹಿಂದೆ ಟಕ್ ಎಂದಿತು, ಕೋವಿ ಮಡಚಿಕೊಂಡ ಸದ್ದು. ಕಣ್ಣು ಮುಚ್ಚಿಕೊಂಡೆ. ಮತ್ತೆ ಟಕ್.

ದೊಡ್ಡಮ್ಮ ಹೊರಬಂದರು. ಹಗ್ಗ ಹೇಗೆಹೇಗೋ ಸುತ್ತಿತ್ತು. ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು, ಅದರೊಳಗೆ ಆ ತೋಟಾ. ಮುಖ ಸುಣ್ಣದ ಗೋಡೆಯಾಗಿತ್ತು. “ಆತಾ?” ಎಂದು ಕಂಡಕ್ಟರು ಕೇಳಿದ. “ಆತು” ಎಂದರು ದೊಡ್ಡಮ್ಮ.

ಠಾಣೆಯಲ್ಲಿ ಪೊಲೀಸಿನವನು ಕೋವಿಗೆ ಚೀಟಿ ಕಟ್ಟುತ್ತ, “ಖಾಲಿ ಅಲ್ವಾ ಅಮ್ಮಾ?” ಎಂದ. “ಖಾಲಿ” ಎಂದರು. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕುಳಿತವರಿಗೆ ಬಹಳ ಹೊತ್ತು ಏಳಲಾಗಲಿಲ್ಲ. ಮಗು ಅವರ ಕಡೆ ಕೈಚಾಚಿತು. ಅವರು ತೆಗೆದುಕೊಳ್ಳಲಿಲ್ಲ. ಡಾಕ್ಟರಿಗೆ ತೋರಿಸಿ ಮರಳುವಾಗ ಬಸ್ಸಿನಲ್ಲಿ ನಮ್ಮ ಹತ್ತಿರ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕುಳಿತರು. ಮನೆಯ ಹತ್ತಿರ ಇಳಿದ ಮೇಲೆ ಒಂದೇ ಮಾತು ಹೇಳಿದರು. “ಯಾರಿಗೂ ಹೇಳ್ಬೇಡ ತಂಗಿ. ಇವಳಿಗಂತೂ ಹೇಳ್ಲೇಬೇಡ. ದೊಡ್ಡಾದ್ಮೇಲೆ ನನ್ನ ಮುಖ ನೋಡಿ ಹೆದರೂದು ಬೇಡ.” ನಾನು ಮಗುವಿನ ತಲೆ ಮುಟ್ಟಿ ಆಗಲಿ ಎಂದೆ.

ಓಟು ಮುಗಿಯಿತು. ಊರಿನವರೆಲ್ಲ ಹೋಗಿ ಕೋವಿ ತಂದರು. ದೊಡ್ಡಮ್ಮ ಹೋಗಲಿಲ್ಲ. ಲೈಸೆನ್ಸನ್ನೂ ಬಿಟ್ಟುಕೊಟ್ಟರು. “ಎಂತಕ್ಕೆ ಬಿಟ್ರಿ?” ಎಂದವರಿಗೆಲ್ಲ, “ಕಣ್ಣು ಮಂಜಾತು” ಎನ್ನುತ್ತಿದ್ದರು. ಅದೇ ದೊಡ್ಡಮ್ಮ ಮುಸ್ಸಂಜೆಯಲ್ಲಿ ಬಾಗಿಲ ಬಳಿ ಕುಳಿತು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವುದನ್ನು ನಾನು ನೋಡುತ್ತಿದ್ದೆ. ಹಂದಿ ಬಂದಾಗ ತಗಡಿನ ಡಬ್ಬ ಬಡಿಯುತ್ತಿದ್ದರು. ಢಂ ಎಂದು ಬೇಣವೆಲ್ಲ ಕೇಳುತ್ತಿದ್ದ ಕಡೆಯಿಂದ ಸಂಜೆಯೆಲ್ಲ ಕಣಕಣ ಸದ್ದು... ಹಂದಿಗಳು ಹೆದರಲಿಲ್ಲ. ಆ ವರುಷ ಅವರ ಗದ್ದೆಯಲ್ಲಿ ಅರ್ಧ ಬೆಳೆಯೂ ಕೈಗೆ ಬರಲಿಲ್ಲ. ನಾನು ಒಮ್ಮೆ, “ಇನ್ನು ಮುಂದೆ ನಾ ನೋಡ್ತೆ ದೊಡ್ಡಮ್ಮ, ಎರಡೂ ನಳಿಗೆ ನಾನೇ ನೋಡ್ತೆ. ಕೋವಿ ತನ್ನಿ” ಎಂದೆ. ಅವರು ಡಬ್ಬವನ್ನು ಕೆಳಗಿಟ್ಟು, “ನೀ ನೋಡ್ತೆ. ನನ್ನ ಕಣ್ಣಿಗೆ ಮಾತ್ರ ಆ ಗಂಟು ಚೀಪೂದೇ ಕಾಣ್ತದೆ” ಎಂದರು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಮಗುವನ್ನು ಮಾತ್ರ ಅವರು ಆಮೇಲೆ ಎತ್ತಿಕೊಳ್ಳಲೇ ಇಲ್ಲ. ಅದು ಮೆಟ್ಟಿಲು ಹತ್ತಿ ಓಡಿಹೋದರೆ ಕೈಗಳನ್ನು ಸೆರಗಿನೊಳಗೆ ಸೇರಿಸಿ ಹಿಂದೆ ಸರಿಯುತ್ತಿದ್ದರು. ಬೆಲ್ಲದ ಚೂರು ಕೊಡುವುದಿದ್ದರೂ ನನ್ನ ಕೈಯಲ್ಲಿಟ್ಟು, “ಅದಕ್ಕೆ ಕೊಡು” ಎನ್ನುತ್ತಿದ್ದರು. ಮಗು ಕೆಲವು ದಿನ ಅತ್ತಿತು, ಆಮೇಲೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿತು. ಮಗಳಿಗೆ ಬುದ್ಧಿ ಬರುವ ಹೊತ್ತಿಗೆ ಮೇಲಿನಮನೆ ದೊಡ್ಡಮ್ಮ ಎಂದರೆ ತನ್ನನ್ನು ಕಂಡರಾಗದ ಮುದುಕಿ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಅವಳು ಮದುವೆಯಾಗಿ ಕುಮಟೆಗೆ ಹೋದ ಕೆಲವು ವರ್ಷಗಳಲ್ಲಿ ದೊಡ್ಡಮ್ಮ ತೀರಿಕೊಂಡರು. ಸುದ್ದಿ ಹೇಳಿ ಕಳಿಸಿದೆ. ಮಗಳು ಬರಲಿಲ್ಲ...

“ಅಜ್ಜೀ, ಎಲ್ಲಿದ್ದೆ? ನೋಡೇ ಇಲ್ಲಿ!” ಮೊಮ್ಮಗಳು ಕೂಗಿದಾಗ ನಾನು ಮತ್ತೆ ಭಟ್ಕಳದ ಗುಡ್ಡಕ್ಕೆ ಬಂದೆ. ಅವಳ ಸರದಿ ಮತ್ತೆ ಬಂದಿತ್ತು. ಮೊದಲನೆಯದು ತಪ್ಪಿತ್ತು, ಆಮೇಲಿನವೂ ತಪ್ಪಿದ್ದವು. ಬಿಲ್ಲೆಗಳು ಬೇಕೆಂದೇ ಅವಳನ್ನು ಅಣಕಿಸುವ ಹಾಗೆ ತೇಲಿ ಹೋಗಿ ಹುಲ್ಲಿನಲ್ಲಿ ಇಳಿಯುತ್ತಿದ್ದವು. ಕಲಿಸುವವರು ಅವಳ ಭುಜ ಸರಿಮಾಡಿ ಹಿಂದೆ ಸರಿದರು. ಬಿಲ್ಲೆ ಒಡೆಯಲಿ ಎಂದು ನನಗೆ ಆಗ ಇರಲಿಲ್ಲ. ಇದು ಬೇಗ ಮುಗಿಯಲಿ, ಮಗು ಕೋವಿಯನ್ನು ಕೆಳಗಿಡಲಿ, ನನ್ನ ಕೈಹಿಡಿದು ಗುಡ್ಡ ಇಳಿಯಲಿ ಎಂದಷ್ಟೇ ಇತ್ತು. ಅಲ್ಲಿ “ಪುಲ್” ಎಂದು ಕೂಗಿದರೆ ಯಂತ್ರ ಬಿಲ್ಲೆ ಎಸೆಯುತ್ತದೆ. ಅವಳು ಕೂಗಿದಳು. ಕಿತ್ತಳೆ ಬಣ್ಣದ ಬಿಲ್ಲೆ ಎದ್ದಿತು. ಕೋವಿ ಅದರ ಹಿಂದೆಯೇ ಮೆಲ್ಲಗೆ ತಿರುಗಿತು, ಅದರ ಮುಂದಕ್ಕೆ ಹೋಯಿತು.

ಢಂ.

ಬಿಲ್ಲೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಹೊಗೆಯಷ್ಟು ಪುಡಿ, ಗಾಳಿಯಲ್ಲಿ ಹರಡಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ಆಮೇಲೆ ನಾನೇನು ಮಾಡಿದೆನೋ ನನಗೆ ನೆನಪಿಲ್ಲ. ಮೊಮ್ಮಗಳು ಹೇಳುವ ಪ್ರಕಾರ ಗುಡ್ಡದ ಮೇಲಿದ್ದವರೆಲ್ಲ ಕೋವಿಯ ಸದ್ದಿಗಲ್ಲ, ನನ್ನ ಕೂಗಿಗೆ ಬೆಚ್ಚಿಬಿದ್ದರಂತೆ. ಅವಳು ಕೋವಿಯನ್ನು ಮಡಚಿ ಕಲಿಸುವವರಿಗೆ ಕೊಟ್ಟು ಓಡಿ ಬಂದಳು. ಅವಳ ಕೆನ್ನೆ, ಹಣೆ, ಕಿವಿ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ನಗುತ್ತಿದ್ದೆ, ಕಣ್ಣಿನಿಂದ ಮಾತ್ರ ನೀರು. ನನ್ನ ಮೊಮ್ಮಗಳು ಹಾರುವ ಮಣ್ಣನ್ನು ಒಡೆದಳು! ಯಾರಿಗೆ ಹೇಳಲಿ ಎಂದು ಸುತ್ತ ತಿರುಗಿದೆ. ಹೇಳಬೇಕಾಗಿದ್ದ ಒಬ್ಬರು ಅಲ್ಲಿರಲಿಲ್ಲ.

ಸಂಜೆ ಕುಮಟೆಯ ಮನೆಯಲ್ಲಿ ಮೊಮ್ಮಗಳು ಬಿಲ್ಲೆ ಒಡೆದದ್ದನ್ನು ತಾಯಿಗೆ ಹೇಳಿ, ಇನ್ನೊಮ್ಮೆ ಹೇಳಿ, ಸ್ನಾನಕ್ಕೆ ಹೋದಳು. ಮಗಳು ಅವಲಕ್ಕಿಗೆ ಕಾಯಿ ತುರಿಯುತ್ತ, “ನಮ್ಮೂರಲ್ಲೂ ಒಬ್ರು ಹೆಂಗಸು ಕೋವಿ ಹಿಡೀತಿದ್ರು ಅಂತ ನೀ ಹೇಳ್ತಿದ್ದೆ ಅಲ್ದಾ ಆಯಿ? ಮೇಲಿನಮನೆಯವ್ರು. ನನ್ನ ಕಂಡ್ರೆ ಮುಖ ತಿರುಗ್ಸತಿದ್ರು. ಸಣ್ಣವಳಿದ್ದಾಗ ಎಷ್ಟು ಬೇಜಾರಾಗ್ತಿತ್ತು ಗೊತ್ತದಾ” ಎಂದಳು.

ಅವಳ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಇನ್ನು ಇವಳು ಯಾವ ಮುಖ ನೋಡಿ ಹೆದರಬೇಕು? ಅವಳ ಕೈಯಿಂದ ಕಾಯಿಯ ಕಡಿಯನ್ನು ತೆಗೆದಿಟ್ಟು, ಬಸ್ಸಿನ ಸಂಗತಿ ಎಲ್ಲ ಹೇಳಿದೆ. ಎರಡನೇ ಹಂಚು, ಸೀರೆಯ ಗಂಟು, ಗೇರುಮರ, ಎಲ್ಲ. ಮುಗಿದ ಮೇಲೆ ಅವಳು ನೆಲಕ್ಕೆ ಚೆಲ್ಲಿದ ಕಾಯಿತುರಿಯನ್ನು ಬೆರಳಿನಿಂದ ಒಟ್ಟುಮಾಡಿದಳು.

“ಅಷ್ಟು ವರ್ಷ...” ಎಂದಳು. “ನನ್ನ ಮದುವೆಗೂ ಬರ್ಲಿಲ್ಲ ಅವ್ರು. ಆ ಸಿಟ್ಟಿಗೇ ನಾ ಅವರು ಸತ್ತಾಗ ಬಂದಿಲ್ಲ ಆಯಿ.”

“ಬಂದಿದ್ರು ಮಗಾ.”

“ಎಲ್ಲಿ?”

“ಚಪ್ಪರದ ಆಚೆ, ರಸ್ತೆಗೆ. ನೀ ದಿಬ್ಬಣದ ಬಸ್ಸು ಹತ್ತೋವರೆಗೂ ನಿಂತಿದ್ರು.”

“ಒಳಗೆ ಕರೀಬಾರ್ದಾಗಿತ್ತಾ ನೀನು? ಒಂದು ಸಲ ಕರೀಬಾರ್ದಾಗಿತ್ತಾ?”

“ಕರ್ದೆ. ಕೈ ಹಿಡ್ದು ಎಳ್ದೆ. ‘ಬೇಡ ತಂಗಿ, ಇಲ್ಲಿಂದ್ಲೇ ಚಂದ ಕಾಣ್ತದೆ’ ಅಂದ್ರು.”

ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಊರಿನಲ್ಲಿ ಈಗ ಮೇಲಿನಮನೆ ಇಲ್ಲ. ರಸ್ತೆ ಅಗಲ ಮಾಡುವಾಗ ಗುಡ್ಡದ ಅಷ್ಟು ಭಾಗವನ್ನೇ ಕಡಿದಿದ್ದಾರೆ. ಹೋಗಿ ನಿಂತು ಕೂಗಿ ಹೇಳಬೇಕೆಂದರೂ ಒಂದು ಬಾಗಿಲಿಲ್ಲ. ಮಗುವಿಗೆ ಏನೂ ಆಗಲಿಲ್ಲ ದೊಡ್ಡಮ್ಮ, ಆ ಮಗುವಿಗೇ ಮಗಳು ಹುಟ್ಟಿ, ಅವಳು ಇವತ್ತು ಹಾರುವುದನ್ನು ಹೊಡೆದಳು ಎಂದು ಇಲ್ಲಿ ಬರೆದಿಡುವುದಷ್ಟೇ ನನ್ನ ಪಾಲಿಗೆ ಉಳಿದದ್ದು.

ಒಳಗಿನಿಂದ ಮೊಮ್ಮಗಳು ಟವೆಲ್ಲಿಗೆ ಕೂಗಿದಳು. ಮಗಳು ಮುಖ ಒರೆಸಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, “ಬರೂ ಆಯ್ತವಾರ ನಾನೂ ಗುಡ್ಡಕ್ಕೆ ಬತ್ತೆ ನಿಮ್ಮ ಜೊತೆ. ದೂರ ನಿಲ್ಲೂದಿಲ್ಲ” ಎಂದಳು.